ಬಲೆಯ ಗುಂಡಿಗಾಗಿ ಗುಜರಿ ಸೀಸ ಕರಗಿಸುವವರಿಗೆ: ಹಂತ ಹಂತವಾಗಿ ಸುರಕ್ಷತೆ

ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡನ್ನು, ಗಾಳದ ದಾರಕ್ಕೆ ಬೇಕಾದ ಭಾರವನ್ನು ಅಂಗಡಿಯಲ್ಲಿ ಕೊಳ್ಳುವ ಬದಲು ಗುಜರಿ ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ದುಕೊಳ್ಳಬಹುದೇ, ಅದಕ್ಕೆ ಏನೇನು ಎಚ್ಚರಿಕೆ ಬೇಕು ಎಂದು ಕೇಳುವ ಓದುಗರು ಬಹಳ. ಪ್ರಶ್ನೆ ಹೆಚ್ಚಾಗಿ ಬರುವುದು ಕರಾವಳಿಯಿಂದ. ಹಿನ್ನೀರಿನಲ್ಲಿ ಮೀನು ಹಿಡಿಯುವ ಮಲೆನಾಡಿನವರೂ ಕೇಳುತ್ತಾರೆ. ಗಾಳಿಯಾಡುವ ಕಡೆ ಒಲೆ ಹೂಡಿ, ಮೂಗಿಗೊಂದು ಬಟ್ಟೆ ಕಟ್ಟಿಕೊಂಡು, ಹೊಗೆ ಕುಡಿಯದಂತೆ ನೋಡಿಕೊಂಡರೆ ಸಾಕು ಎಂಬುದು ಬಹುತೇಕರ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ಸರಿ, ಮತ್ತು ಅದು ಕೈಬಿಟ್ಟ ಇನ್ನರ್ಧದಲ್ಲೇ ಹೆಚ್ಚಿನ ಅಪಾಯವಿದೆ.

ಅಪಾಯ ಎಲ್ಲಿದೆ

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕುದಿಯಬೇಕಾದರೆ 1,700 ಡಿಗ್ರಿ ದಾಟಬೇಕು. ಕರಗಿದ ಸೀಸವನ್ನು 400 ಡಿಗ್ರಿಯ ಒಳಗೆ ಇಟ್ಟುಕೊಂಡರೆ ಅದರಿಂದ ಏಳುವ ಆವಿ ಬಹಳ ಕಡಿಮೆ. 480–500 ಡಿಗ್ರಿ ದಾಟಿದ ಮೇಲೆ ಅದು ಲೆಕ್ಕಕ್ಕೆ ಬರುವಷ್ಟಾಗುತ್ತದೆ. ಒಲೆಯ ಮೇಲೆ ಕಣ್ಣಿಗೆ ಕಾಣುವ ಹೊಗೆಯ ಬಹುಪಾಲು ಗುಜರಿಗೆ ಅಂಟಿದ ಬಣ್ಣ, ಗ್ರೀಸು, ಡಾಂಬರು, ಪ್ಲಾಸ್ಟಿಕ್ಕು ಸುಟ್ಟದ್ದು. ಸೀಸ ಮೈಸೇರುವ ಮುಖ್ಯ ದಾರಿ ಬೇರೆ. ಕರಗಿದ ಸೀಸದ ಮೇಲ್ಮೈ ಗಾಳಿಯ ಆಮ್ಲಜನಕದೊಡನೆ ಸೇರಿ ಬೂದು ಅಥವಾ ಹಳದಿ ಬಣ್ಣದ ಪುಡಿಯಾಗುತ್ತದೆ. ಈ ಪುಡಿಗೂ ಅದರೊಂದಿಗೆ ತೇಲಿಬರುವ ಕೊಳೆಗೂ ಒಟ್ಟಾಗಿ ಕಿಟ್ಟ ಎಂದು ಹೆಸರು. ಕಿಟ್ಟವನ್ನು ಸೌಟಿನಿಂದ ಎತ್ತುವಾಗ ಏಳುವ ನುಣ್ಣನೆಯ ಧೂಳು ಉಸಿರಿನೊಳಗೆ ಹೋಗುತ್ತದೆ; ಉಗುರಿನಡಿಯಲ್ಲಿ, ತಲೆಗೂದಲಲ್ಲಿ, ಅಂಗಿಯ ಮಡಿಕೆಯಲ್ಲಿ ಕೂರುತ್ತದೆ; ಅಲ್ಲಿಂದ ಬೀಡಿಗೆ, ಎಲೆಯಡಿಕೆಗೆ, ಊಟದ ತಟ್ಟೆಗೆ, ಕೊನೆಗೆ ಮಗುವಿನ ಬಾಯಿಗೆ ದಾಟುತ್ತದೆ. ಅದಕ್ಕೆ ವಾಸನೆಯಿಲ್ಲ, ಅದು ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ಆದ್ದರಿಂದ ಮಾಡುತ್ತಿರುವವರಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ.

ಎರಡನೆಯ ಅಪಾಯ ನೀರು, ಇದು ಕ್ಷಣದಲ್ಲಿ ಆಗಿಹೋಗುವಂಥದ್ದು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಮೇಲೆ ಬಿದ್ದ ಹನಿ ಚಟಪಟನೆ ಸಿಡಿದು ಹೋಗಬಹುದು. ಆದರೆ ಸೀಸದ ಅಡಿಯಲ್ಲಿ ಸಿಕ್ಕಿಕೊಂಡ ಹನಿಗೆ ಹೊರಬರಲು ದಾರಿಯಿಲ್ಲದೆ, ಅದು ಪಾತ್ರೆಯಲ್ಲಿರುವ ಸೀಸವನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ಮುಖ, ಕಣ್ಣು, ಕುತ್ತಿಗೆ ಸುಡುವ ಅವಘಡಗಳಿಗೆ ಇದೇ ಸಾಮಾನ್ಯ ಕಾರಣ.

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ, ಮತ್ತು ಇಷ್ಟರವರೆಗೆ ನಿರಪಾಯ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರ ಕರುಳು ಸುಮಾರು ಹತ್ತರಲ್ಲೊಂದು ಪಾಲನ್ನು ಹೀರಿಕೊಂಡರೆ, ಚಿಕ್ಕ ಮಕ್ಕಳ ಕರುಳು ಅರ್ಧದವರೆಗೂ ಹೀರಿಕೊಳ್ಳಬಲ್ಲದು. ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಮಕ್ಕಳ ಮಿದುಳಿನ ಬೆಳವಣಿಗೆಗೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ವಯಸ್ಕರಲ್ಲಿ ಸೀಸ ಮೂಳೆಗೆ ಹೋಗಿ ದಶಕಗಳ ಕಾಲ ಅಲ್ಲೇ ಉಳಿಯುತ್ತದೆ, ಗರ್ಭಿಣಿಯ ರಕ್ತದಿಂದ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ. ನಮ್ಮ ದೇಶದಲ್ಲಿ ಈ ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತಂದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. 2000ನೇ ಇಸವಿಯಲ್ಲಿ ಪೆಟ್ರೋಲಿನಿಂದ ಸೀಸ ಹೊರಟುಹೋದ ಮೇಲೂ ಮನೆ, ಅಂಗಳ, ಸಣ್ಣ ಕುಲುಮೆಗಳ ಸೀಸ ಹಾಗೆಯೇ ಉಳಿದಿದೆ.

ಯಾರು ಈ ಕೆಲಸಕ್ಕೆ ಕೈಹಾಕಬಾರದು

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಗರ್ಭಿಣಿ ಅಥವಾ ಹಾಲುಣಿಸುವ ತಾಯಿ ಇದ್ದರೆ ಆ ಮನೆಯ ಅಂಗಳದಲ್ಲಿ ಸೀಸ ಕರಗಿಸಬೇಡಿ. ಇದರಲ್ಲಿ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿ, ತಾರಸಿ, ಒತ್ತೊತ್ತಾಗಿ ಮನೆಗಳಿರುವ ಕೇರಿ ಇವೂ ಅದೇ ಸಾಲಿಗೆ ಸೇರುತ್ತವೆ. ವರ್ಷಕ್ಕೊಮ್ಮೆ ಒಂದೆರಡು ಕಿಲೋ ಗುಂಡು ಬೇಕಾಗುವವರು ತಮ್ಮ ಗುಜರಿಯನ್ನು ಮಾರಿ, ಸಿದ್ಧ ಗುಂಡು ಕೊಳ್ಳುವುದೇ ಜಾಣತನ. ಮಲ್ಪೆ, ಮಂಗಳೂರು, ಕಾರವಾರದಂಥ ಊರುಗಳ ಬಲೆ ಸಾಮಾನಿನ ಅಂಗಡಿಗಳಲ್ಲಿ ಅವು ಸಿಗುತ್ತವೆ. ಗಾಳಕ್ಕೆ ಕಬ್ಬಿಣದ ನಟ್ಟು ಕಟ್ಟಿದರೂ ಕೆಲಸ ನಡೆಯುತ್ತದೆ. ಇಷ್ಟೆಲ್ಲ ಯೋಚಿಸಿಯೂ ಮಾಡಲೇಬೇಕು ಎನ್ನುವವರಿಗಾಗಿ ಮುಂದಿನ ಹಂತಗಳು.

ಬೇಕಾದ ಸಾಮಾನು

ದಪ್ಪ ತಳದ ಎರಕದ ಕಬ್ಬಿಣದ ಅಥವಾ ಉಕ್ಕಿನ ಪಾತ್ರೆ, ಅದಕ್ಕೊಂದು ಉಕ್ಕಿನ ಮುಚ್ಚಳ, ಮರದ ಹಿಡಿಯ ಉಕ್ಕಿನ ಸೌಟು, ಉದ್ದ ಇಕ್ಕಳ, ಅಲುಗಾಡದ ಕಬ್ಬಿಣದ ಒಲೆ, ಒಲೆಯ ಕೆಳಗೆ ಇಡಲು ಅಗಲವಾದ ಕಬ್ಬಿಣದ ತಟ್ಟೆ, ಒಣ ಮರಳು ತುಂಬಿದ ಬಕೆಟ್ಟು, ಕಿಟ್ಟ ಹಾಕಲು ಬಿಗಿ ಮುಚ್ಚಳದ ತಗಡಿನ ಡಬ್ಬಿ ಇವನ್ನು ಮೊದಲೇ ಹೊಂದಿಸಿಕೊಳ್ಳಿ. 500 ಡಿಗ್ರಿಯವರೆಗೆ ಓದುವ, ಕಡ್ಡಿಯನ್ನು ಸೀಸದೊಳಗೆ ಇಳಿಸುವ ಉಷ್ಣಮಾಪಕ ಇದ್ದರೆ ಅರ್ಧ ಊಹೆ ಕಡಿಮೆಯಾಗುತ್ತದೆ. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಂಥ ಸಾಧನ ಹೊಳೆಯುವ ಲೋಹದ ಮೇಲೆ ಇರುವುದಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ, ಅದನ್ನು ನಂಬಬೇಡಿ.

ಅಲ್ಯೂಮಿನಿಯಂ ಪಾತ್ರೆ ಬೇಡ. ಹೆಚ್ಚು ಕಾದಾಗ ಅದು ಮೆತ್ತಗಾಗಿ ತಳ ಕುಸಿಯಬಹುದು. ಸತುವಿನ ಲೇಪವಿರುವ ಬಕೆಟ್ಟು, ಬೆಸುಗೆ ಹಾಕಿ ಜೋಡಿಸಿದ ಡಬ್ಬಿ, ತೆಳು ತಗಡಿನ ಟಿನ್ನು ಇವೂ ಬೇಡ. ಒಂದು ಲೀಟರ್ ಸೀಸ 11 ಕಿಲೋಗೂ ಹೆಚ್ಚು ತೂಗುತ್ತದೆ ಎಂಬುದನ್ನು ನೆನಪಿಡಿ. ನೋಡಲು ಸಣ್ಣದಾದ ಬಾಣಲೆಯ ಹಿಡಿ ಆ ಭಾರಕ್ಕೆ ತಿರುಚಿಕೊಳ್ಳುತ್ತದೆ. ಮೊದಲ ಸಲ 2 ಕಿಲೋ ಮೀರಬೇಡಿ. ಅದು ಒಂದು ದೊಡ್ಡ ಲೋಟದಷ್ಟೂ ಆಗುವುದಿಲ್ಲ. ಈ ಕೆಲಸಕ್ಕೆ ಬಳಸಿದ ಪಾತ್ರೆ, ಸೌಟು, ಒಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಸರಿಯೇ. ಅವುಗಳ ಹಿಡಿಗೆ ಕೆಂಪು ಬಣ್ಣ ಬಳಿದು ಬೇರೆಯೇ ಇಡಿ, ಇಲ್ಲದಿದ್ದರೆ ಹಬ್ಬದ ದಿನ ಯಾರೋ ಅದರಲ್ಲಿ ಕಜ್ಜಾಯ ಕರಿಯುತ್ತಾರೆ.

ಹಂತ 1: ಗುಜರಿಯನ್ನು ಆರಿಸುವುದು

ಹಳೆಯ ಬಲೆಯಿಂದ ಬಿಚ್ಚಿದ ಗುಂಡುಗಳು ಎಲ್ಲಕ್ಕಿಂತ ಒಳ್ಳೆಯ ಗುಜರಿ. ಹಳೆಯ ಟೆಲಿಫೋನ್ ಮತ್ತು ವಿದ್ಯುತ್ ಕೇಬಲ್‌ಗಳ ಹೊದಿಕೆಯ ಸೀಸವೂ ಬಳಕೆಗೆ ಬರುತ್ತದೆ, ಆದರೆ ಅದರ ಡಾಂಬರು, ಕಾಗದ, ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಸುಲಿದು ತೆಗೆಯಬೇಕು, ಸುಟ್ಟು ತೆಗೆಯಬಾರದು. ವಾಹನದ ಚಕ್ರಗಳಿಗೆ ಸಮತೋಲನಕ್ಕಾಗಿ ಹಾಕುವ ತುಂಡುಗಳಲ್ಲಿ ಈಗ ಸತು ಮತ್ತು ಉಕ್ಕಿನವೂ ಇರುತ್ತವೆ. ಇಂಗ್ಲಿಷಿನ ಜೆಡ್-ಎನ್ ಎಂಬ ಗುರುತಿದ್ದರೆ ಸತು, ಎಫ್-ಇ ಎಂದಿದ್ದರೆ ಕಬ್ಬಿಣ. ಗುರುತಿಲ್ಲದಿದ್ದರೆ ಇಕ್ಕಳದಿಂದ ಹಿಂಡಿ ನೋಡಿ: ಸೀಸ ಹಲ್ಲಿನ ಗುರುತು ಹಿಡಿಯುತ್ತದೆ, ಸತು ಜಗ್ಗುವುದಿಲ್ಲ. ಸತು ಕರಗುವುದು 419 ಡಿಗ್ರಿಗೆ. ಬಿಸಿ ಹದದಲ್ಲಿದ್ದರೆ ಸತುವಿನ ತುಂಡು ಸೀಸದ ಮೇಲೆ ಗಟ್ಟಿಯಾಗಿ ತೇಲುತ್ತದೆ, ಅದನ್ನು ಇಕ್ಕಳದಿಂದ ಎತ್ತಿಬಿಡಬಹುದು. ಬಿಸಿ ಏರಿಸಿ ಕರಗಿಸಿಬಿಟ್ಟರೆ ಇಡೀ ಪಾಕವೇ ಗಂಜಿಯಂತಾಗಿ ಎರಕಕ್ಕೆ ಬಾರದು.

ಮುಚ್ಚಿಹೋದ ಮುದ್ರಣಾಲಯಗಳ ಹಳೆಯ ಅಚ್ಚಿನ ಮೊಳೆಗಳನ್ನೂ ಕೆಲವರು ತೂಕಕ್ಕೆ ಕೊಂಡು ತರುತ್ತಾರೆ. ಅವು ಬರಿಯ ಸೀಸವಲ್ಲ. ಗಟ್ಟಿತನಕ್ಕೆಂದು ಆಂಟಿಮನಿ ಎಂಬ ಲೋಹವನ್ನೂ ತವರವನ್ನೂ ಬೆರೆಸಿರುತ್ತಾರೆ. ಬಲೆಯ ಗುಂಡಿಗೆ ಬೇಕಾಗುವುದು ಬಗ್ಗುವ ಮೆತ್ತನೆಯ ಸೀಸ, ಆದ್ದರಿಂದ ಮೊಳೆ ಇದಕ್ಕೆ ಹೇಳಿಸಿದ್ದಲ್ಲ. ಕನ್ನಡದ ಮೊಳೆಗಳನ್ನು ಕರಗಿಸಿ ಹಾಳುಮಾಡುವ ಬದಲು ಸಂಗ್ರಹಿಸುವವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಬಿಳಿ ಪುಡಿ ಕಟ್ಟಿರುವ ಸೀಸವನ್ನು, ಅದು ಯಾವ ವಸ್ತುವಿನದೇ ಆಗಿರಲಿ, ಮುಟ್ಟಬೇಡಿ. ಆ ಪುಡಿ ತುಕ್ಕು ಹಿಡಿದ ಸೀಸ, ಕೈಗೆ ಬೇಗ ಅಂಟುತ್ತದೆ. ಬಣ್ಣ ಬಳಿದ ಸೀಸವನ್ನೂ ಬಿಟ್ಟುಬಿಡಿ.

ಬ್ಯಾಟರಿಯನ್ನು ಯಾವ ಕಾರಣಕ್ಕೂ ಒಡೆಯಬೇಡಿ. ಅತಿ ಹೆಚ್ಚು ಜನ ಕೇಳುವುದೂ ಇದನ್ನೇ, ಏಕೆಂದರೆ ಹಳೆಯ ಕಾರು, ಇನ್‌ವರ್ಟರ್ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸ ಇರುತ್ತದೆ. ಆದರೆ ಅದರ ಬಹುಪಾಲು ಲೋಹದ ರೂಪದಲ್ಲಿಲ್ಲ. ಫಲಕಗಳಿಗೆ ಮೆತ್ತಿದ ಕೆಸರಿನಂಥ ಸೀಸದ ಆಕ್ಸೈಡು ಮತ್ತು ಸಲ್ಫೇಟಿನ ರೂಪದಲ್ಲಿದೆ. ಒಲೆಯ ಮೇಲೆ ಅದು ಕರಗುವುದಿಲ್ಲ, ವಿಷಪೂರಿತ ಪುಡಿಯಾಗಿ ಹಾರುತ್ತದೆ, ಜೊತೆಗೆ ಸುಡುವ ಗಂಧಕಾಮ್ಲವೂ ಇರುತ್ತದೆ. ಫಲಕದ ಜಾಲರಿಯಲ್ಲಿ ಆಂಟಿಮನಿ, ಆರ್ಸೆನಿಕ್, ಹೊಸ ಬ್ಯಾಟರಿಗಳಲ್ಲಿ ಕ್ಯಾಲ್ಸಿಯಂ ಇರುತ್ತವೆ. ಇವೆಲ್ಲ ಬೆರೆತ ಕಿಟ್ಟಕ್ಕೆ ಆಮೇಲೆ ನೀರು ತಗುಲಿದರೆ ಆರ್ಸಿನ್, ಸ್ಟಿಬಿನ್ ಎಂಬ ಪ್ರಾಣಾಂತಿಕ ಅನಿಲಗಳು ಹುಟ್ಟಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬಳಸಿ ಮುಗಿದ ಬ್ಯಾಟರಿಯನ್ನು ಬೇರೆ ಕಸಕ್ಕೆ ಸೇರಿಸದೆ ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ಒಪ್ಪಿಸುವುದು ಬಳಕೆದಾರರ ಹೊಣೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಹಂತ 2: ಕಾಲ ಮತ್ತು ಜಾಗ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ, ಮತ್ತು ಬಲೆಯ ದುರಸ್ತಿಗೆ ಹೆಚ್ಚಿನವರು ಕೂರುವುದೂ ಆಗಲೇ. ಎರಕದ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಕಾಲ ಮತ್ತೊಂದಿಲ್ಲ. ಗುಜರಿ, ಅಚ್ಚು, ಸೌದೆ, ನೆಲ, ಗಾಳಿ ಎಲ್ಲವೂ ಒದ್ದೆ. ಮಳೆಗೆ ಹೆದರಿ ಒಲೆಯನ್ನು ಕೊಟ್ಟಿಗೆಯೊಳಗೋ ಜಗಲಿಗೋ ತರುವುದೂ ಆಗಲೇ. ಬಲೆ ಕಟ್ಟುವುದು ಮಳೆಗಾಲದಲ್ಲಿ ಇರಲಿ, ಗುಂಡು ಎರೆಯುವುದನ್ನು ಏಪ್ರಿಲ್ ಮುಗಿಯುವುದರೊಳಗೆ ಮುಗಿಸಿಕೊಳ್ಳಿ. ಮೋಡ ಕವಿದ ದಿನ ಬೇಡ, ಜೋರು ಗಾಳಿಯ ದಿನವೂ ಬೇಡ. ಕರಾವಳಿಯಲ್ಲಿ ಹೊತ್ತೇರಿದಂತೆ ಕಡಲಗಾಳಿ ಬಲವಾಗುವುದರಿಂದ ಬೆಳಗಿನ ಹೊತ್ತು ಅನುಕೂಲ.

ಜಾಗ ಬಯಲಿನಲ್ಲಿರಲಿ. ಮನೆಯ ಬಾಗಿಲು, ಬಾವಿ, ಕೋಳಿಗೂಡು, ತರಕಾರಿ ಮಡಿ, ಬಟ್ಟೆ ಒಣಗಿಸುವ ತಂತಿ, ಮಕ್ಕಳು ಆಡುವ ಅಂಗಳ ಇವು ಯಾವುದೂ ಗಾಳಿ ಬೀಸುವ ದಿಕ್ಕಿನಲ್ಲಿ ಇರಬಾರದು. ನೆಲದ ಮೇಲೆ ಅಗಲವಾದ ಕಬ್ಬಿಣದ ತಟ್ಟೆ ಹಾಸಿ, ಅದರಲ್ಲಿ ಒಂದು ಬೆರಳು ದಪ್ಪ ಒಣ ಮರಳು ಹರಡಿ, ಅದರ ಮೇಲೆ ಒಲೆ ಹೂಡಿ. ಚೆಲ್ಲಿದ ಸೀಸ ಮಣ್ಣಿಗೆ ಹೋಗದೆ ಅಲ್ಲೇ ಸಿಗುತ್ತದೆ. ಸಿಮೆಂಟು ನೆಲದ ಮೇಲೆ ನೇರವಾಗಿ ಒಲೆ ಇಡಬೇಡಿ, ಒಳಗೆ ತೇವವಿದ್ದರೆ ನೆಲ ಸಿಡಿಯುತ್ತದೆ. ಮೂರು ಕಲ್ಲಿನ ಒಲೆ ಹೂಡುವವರು ಕೆಂಪುಕಲ್ಲು ಬಳಸಬೇಡಿ. ಅದು ನೀರು ಕುಡಿದಿರುತ್ತದೆ, ಮತ್ತು ಅದರ ಮೇಲೆ ಪಾತ್ರೆ ಸಮವಾಗಿ ಕೂರುವುದೂ ಇಲ್ಲ. ಗ್ಯಾಸಿನ ಒಲೆಯಾದರೆ ಸಿಲಿಂಡರನ್ನೂ ಕೊಳವೆಯನ್ನೂ ಸೀಸ ಸಿಡಿದರೂ ತಲುಪದಷ್ಟು ದೂರ ಇಡಿ. ನಾಯಿ, ಬೆಕ್ಕು ಕಟ್ಟಿಹಾಕಿ. ಮಕ್ಕಳು ಮನೆಯಲ್ಲಿರದ ದಿನವೇ ಮೇಲು. ಆದರೆ ಒಬ್ಬರೇ ಇರುವುದೂ ಸರಿಯಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರೊಬ್ಬರು ಇರಲಿ.

ಹಂತ 3: ಉಡುಪು

ತೋಳು ತುಂಬ ಬರುವ ದಪ್ಪ ಹತ್ತಿಯ ಅಂಗಿ, ಹತ್ತಿಯ ಪ್ಯಾಂಟು, ಕಾಲು ಪೂರ್ತಿ ಮುಚ್ಚುವ ಚರ್ಮದ ಬೂಟು. ಪ್ಯಾಂಟಿನ ಅಂಚು ಬೂಟಿನ ಹೊರಗಿರಬೇಕು, ಒಳಗೆ ತುರುಕಿದರೆ ಬಿದ್ದ ಸೀಸ ಬೂಟಿನೊಳಗೇ ಇಳಿಯುತ್ತದೆ. ಲುಂಗಿ ಎತ್ತಿ ಕಟ್ಟಿ, ರಬ್ಬರು ಚಪ್ಪಲಿ ಹಾಕಿ ಕೂರುವುದು ನಮ್ಮಲ್ಲಿ ರೂಢಿ. ಈ ಒಂದು ದಿನಕ್ಕಾದರೂ ಆ ರೂಢಿ ಬಿಡಿ. ನೈಲಾನು, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚರ್ಮದ ಕೈಗವಸು, ಕನ್ನಡಕ, ಅದರ ಮೇಲೆ ಗಲ್ಲದ ಕೆಳಗಿನವರೆಗೆ ಬರುವ ಪಾರದರ್ಶಕ ಮುಖಗವಚ ಬೇಕು. ಉಂಗುರ, ಕೈಗಡಿಯಾರ ತೆಗೆದಿಡಿ.

ಟವಲ್ಲು, ಕರವಸ್ತ್ರ, ಆಸ್ಪತ್ರೆಯ ನೀಲಿ ಮಾಸ್ಕು ಇವು ಸೀಸದ ಧೂಳನ್ನು ತಡೆಯುವುದಿಲ್ಲ. ಕನಿಷ್ಠ ಎನ್95, ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಮುಖವಾಡ ಧರಿಸಿ, ಮೂಗಿನ ಮೇಲಿನ ಪಟ್ಟಿಯನ್ನು ಒತ್ತಿ ಕೂರಿಸಿ. ಗಡ್ಡವಿದ್ದರೆ ಅಂಚಿನಲ್ಲಿ ಸಂದಿ ಉಳಿದು ಧೂಳು ನುಗ್ಗುತ್ತದೆ. ಇವು ಧೂಳಿಗೆ ಮಾತ್ರ. ಪ್ಲಾಸ್ಟಿಕ್ಕು ಸುಟ್ಟ ಹೊಗೆಗೆ ಇವುಗಳಿಂದ ರಕ್ಷಣೆಯಿಲ್ಲ.

ಹಂತ 4: ಒಣಗಿಸುವುದು

ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹಳೆಯ ಬಲೆಯ ಗುಂಡನ್ನು ಕೈಯಲ್ಲಿ ಹಿಡಿದು ನೋಡಿ: ದಾರ ಹೋಗುವ ತೂತಿನಲ್ಲಿ ಕೊಳೆತ ನೂಲು, ಮರಳು, ಬೆಳ್ಳಗೆ ಗಟ್ಟಿಯಾದ ಉಪ್ಪು ತುಂಬಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ನೂಲನ್ನು ತಂತಿಯಿಂದ ಚುಚ್ಚಿ ತೆಗೆದು, ಗುಂಡುಗಳನ್ನು ಸಿಹಿನೀರಿನಲ್ಲಿ ತೊಳೆದು, ಹಲವು ದಿನ ಬಿಸಿಲಿಗೆ ಹರಡಿ. ಕೇಬಲ್ ಹೊದಿಕೆಯ ತುದಿಗಳು ಜಜ್ಜಿ ಮುಚ್ಚಿಹೋಗಿದ್ದರೆ ಉದ್ದಕ್ಕೆ ಕತ್ತರಿಸಿ ಬಿಡಿಸಿ. ಕತ್ತರಿಸಲು ಕೈಕತ್ತರಿ ಬಳಸಿ. ಗ್ರೈಂಡರ್, ಗರಗಸ, ಅರ ಇವುಗಳಿಂದ ಏಳುವ ಪುಡಿ ಕಿಟ್ಟದಷ್ಟೇ ಕೆಟ್ಟದ್ದು.

ಅಚ್ಚಿಗೂ ಇದೇ ಮಾತು. ಉಕ್ಕಿನ ಅಥವಾ ಅಲ್ಯೂಮಿನಿಯಂ ಅಚ್ಚನ್ನು ಒಲೆಯ ಪಕ್ಕದಲ್ಲಿಟ್ಟು ಬಿಸಿ ಮಾಡಿಕೊಳ್ಳಿ. ಪ್ಲಾಸ್ಟರ್, ಜೇಡಿಮಣ್ಣು, ಒದ್ದೆ ಮರಳಿನ ಅಚ್ಚುಗಳನ್ನು ಹೊಸಬರು ಬಳಸಲೇಬಾರದು. ಎಷ್ಟು ಒಣಗಿಸಿದರೂ ಅವುಗಳ ಒಳಗಿನ ತೇವ ಹೋಗಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ.

ಹಂತ 5: ಕರಗಿಸುವುದು

ಸೀಸವನ್ನೆಲ್ಲ ತಣ್ಣಗಿರುವ ಪಾತ್ರೆಗೆ ಮೊದಲೇ ಹಾಕಿ, ಮುಚ್ಚಳವನ್ನು ಸಡಿಲವಾಗಿಟ್ಟು, ಆಮೇಲೆ ಬೆಂಕಿ ಹಚ್ಚಿ. ಹೀಗೆ ಮಾಡಿದರೆ ಅಳಿದುಳಿದ ತೇವ ಸೀಸ ಕರಗುವ ಮುನ್ನವೇ ಆರಿಹೋಗುತ್ತದೆ. ಉರಿ ಸಣ್ಣದಾಗಿರಲಿ. ಗಾಳಿ ಬೆನ್ನಿನ ಕಡೆಯಿಂದ ಬೀಸುವಂತೆ ನಿಲ್ಲಿ, ಪಾತ್ರೆಯ ಮೇಲೆ ಬಗ್ಗಿ ನೋಡಬೇಡಿ. ಈ ಹೊತ್ತಿನಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಚಹಾ, ನೀರು ಏನೂ ಬಾಯಿಗೆ ಹೋಗಬಾರದು. ಮೊಬೈಲು ಜೇಬಿನಲ್ಲೇ ಇರಲಿ.

ಕರಗಿದ ಸೀಸಕ್ಕೆ ತಣ್ಣನೆಯ ತುಂಡನ್ನು ಎಸೆಯುವುದು ಅವಘಡಗಳ ಮೂಲ. ಒಂದು ಬೆಂಕಿಗೆ ಒಂದೇ ಪಾಕ ಎಂದು ನಿಯಮ ಮಾಡಿಕೊಳ್ಳಿ. ಇನ್ನಷ್ಟು ಬೇಕಾದರೆ ಪಾತ್ರೆಯಲ್ಲಿರುವುದನ್ನು ಎರೆದು ಮುಗಿಸಿ, ಪಾತ್ರೆ ತಣ್ಣಗಾದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿ. ಹಾಗೆಯೇ ಉಳಿದ ಸೀಸವನ್ನು ಪಾತ್ರೆಯಲ್ಲೇ ಹೆಪ್ಪುಗಟ್ಟಲು ಬಿಟ್ಟು ಇನ್ನೊಂದು ದಿನ ಕಾಯಿಸಿದರೆ, ತಳದಲ್ಲಿ ಕರಗಿ ಹಿಗ್ಗಿದ ಸೀಸ ಮೇಲಿನ ಗಟ್ಟಿ ಪದರವನ್ನು ಸೀಳಿಕೊಂಡು ಚಿಮ್ಮುವುದುಂಟು.

ಬಿಸಿ 350ರಿಂದ 400 ಡಿಗ್ರಿಯ ನಡುವೆ ಇದ್ದರೆ ಗುಂಡಿಗೆ ಸಾಕು. ಉಷ್ಣಮಾಪಕ ಇಲ್ಲದವರು ಮೇಲ್ಮೈಯನ್ನು ಗಮನಿಸಿ. ಕಿಟ್ಟ ಸರಿಸಿದಾಗ ಬೆಳ್ಳಿಯಂತೆ ಹೊಳೆದು ನಿಧಾನವಾಗಿ ಮಂಕಾದರೆ ಹದವಾಗಿದೆ. ಸರಿಸಿದ ಕೂಡಲೇ ಹಳದಿ, ನೇರಳೆ, ನೀಲಿ ಬಣ್ಣಗಳು ಓಡಾಡಿದರೆ ಅಥವಾ ಹಳದಿ ಪುಡಿ ಬೇಗಬೇಗ ಕಟ್ಟುತ್ತಿದ್ದರೆ ಬಿಸಿ ಮೀರಿದೆ, ಉರಿ ತಗ್ಗಿಸಿ. ಪಾತ್ರೆ ಕೆಂಪಗಾಯಿತೆಂದರೆ 500 ಡಿಗ್ರಿ ದಾಟಿದೆ ಎಂದರ್ಥ, ಮತ್ತು ಆ ಕೆಂಪು ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಂಕಿ ಆರಿಸಿ ದೂರ ಸರಿಯಿರಿ.

ಹಂತ 6: ಕಿಟ್ಟ ತೆಗೆಯುವುದು

ಸೌಟನ್ನು ಮೊದಲು ಪಾತ್ರೆಯ ಅಂಚಿನ ಮೇಲಿಟ್ಟು ಕಾಯಿಸಿ. ತಣ್ಣನೆಯ ಸೌಟಿನ ತುಕ್ಕಿನಲ್ಲೂ ತೇವ ಇರುತ್ತದೆ. ಕಡಲೆಕಾಳಿನಷ್ಟು ಮೇಣದ ತುಂಡನ್ನು ಸೀಸದ ಮೇಲೆ ಹಾಕಿದರೆ ಆಕ್ಸೈಡಿನಲ್ಲಿ ಸೇರಿಹೋದ ಸೀಸದ ಒಂದು ಪಾಲು ಮರಳಿ ಲೋಹವಾಗಿ ಕೆಳಗಿಳಿಯುತ್ತದೆ, ಕಿಟ್ಟ ಕಡಿಮೆಯಾಗುತ್ತದೆ. ಮೇಣ ಥಟ್ಟನೆ ಹೊತ್ತಿ ಉರಿಯುವುದರಿಂದ ಮುಖ ದೂರವಿರಲಿ. ಆಮೇಲೆ ಕಿಟ್ಟವನ್ನು ಕೆರೆಯದೆ, ಕುಟ್ಟದೆ, ಮೆಲ್ಲಗೆ ಅಂಚಿಗೆ ಸರಿಸಿ ಎತ್ತಿ ಒಣಗಿದ ತಗಡಿನ ಡಬ್ಬಿಗೆ ಇಳಿಸಿ. ಎತ್ತರದಿಂದ ಸುರಿದರೆ ಧೂಳೇಳುತ್ತದೆ. ಡಬ್ಬಿಯನ್ನು ಕೂಡಲೇ ಮುಚ್ಚಿ. ಪೂರ್ತಿ ಕನ್ನಡಿಯಂತೆ ಆಗಬೇಕೆಂದು ಮತ್ತೆ ಮತ್ತೆ ಕದಡುತ್ತ ಕೂರಬೇಡಿ. ಕದಡಿದಷ್ಟೂ ಹೊಸ ಕಿಟ್ಟ ಕಟ್ಟುತ್ತದೆ, ಬಲೆಯ ಗುಂಡಿಗೆ ಅಂಥ ಚೊಕ್ಕತನದ ಅಗತ್ಯವೂ ಇಲ್ಲ.

ಹಂತ 7: ಎರಕ ಹೊಯ್ಯುವುದು

ಅಚ್ಚು ಬಿಸಿಯಾಗಿ, ಒಣಗಿ, ಮರಳಿನ ತಟ್ಟೆಯ ಮೇಲೆ ಸಮವಾಗಿ ಕೂತಿರಬೇಕು. ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡು ಹೊಯ್ಯಬೇಡಿ. ಇಡೀ ಪಾತ್ರೆಯನ್ನು ಎತ್ತಿ ಬಗ್ಗಿಸುವ ಬದಲು ಸೌಟಿನಿಂದ ಸ್ವಲ್ಪ ಸ್ವಲ್ಪವಾಗಿ, ಒಂದೇ ಧಾರೆಯಲ್ಲಿ ಹೊಯ್ಯಿರಿ. ಗುಂಡು ಗಟ್ಟಿಯಾದ ಮೇಲೂ ಬಹಳ ಹೊತ್ತು ಕೈ ಸುಡುವಷ್ಟು ಬಿಸಿಯಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬೇಗ ಆರಲೆಂದು ನೀರಿಗೆ ಹಾಕುವುದನ್ನು ಬಿಟ್ಟುಬಿಡಿ. ಆ ನೀರಿನ ಬಕೆಟ್ಟು ಒಲೆಯ ಬಳಿ ಇರುವುದೇ ಅಪಾಯ. ಮಳೆಹನಿ ಬಿದ್ದರೆ ಬೆಂಕಿ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಅಲ್ಲಿಂದ ದೂರ ಹೋಗಿ. ಬಿಸಿ ಪಾತ್ರೆಯನ್ನು ಎತ್ತಿಕೊಂಡು ಓಡಬೇಡಿ. ಬೆಂಕಿ ಹರಡಿದರೆ ಒಣ ಮರಳು ಸುರಿಯಿರಿ, ಸೀಸದ ಮೇಲೆ ನೀರು ಹಾಕಬೇಡಿ.

ಸೀಸ ಮೈಮೇಲೆ ಬಿದ್ದರೆ ಒಲೆಯಿಂದ ದೂರ ಬಂದು ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಇದಕ್ಕೆ ನಲ್ಲಿ ಇರುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ಚರ್ಮಕ್ಕೆ ಅಂಟಿದ ಲೋಹವನ್ನಾಗಲಿ ಬಟ್ಟೆಯನ್ನಾಗಲಿ ಕೀಳಬೇಡಿ. ಅರಿಸಿನ, ಕೊಬ್ಬರಿಎಣ್ಣೆ, ಟೂತ್‌ಪೇಸ್ಟು, ಶಾಯಿ ಇವು ಯಾವುದನ್ನೂ ಹಚ್ಚದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದರೆ ಉಜ್ಜದೆ, ನೀರಿನಿಂದ ತೊಳೆಯುತ್ತ ತಕ್ಷಣ ಹೊರಡಿ.

ಹಂತ 8: ಜಾಗ, ಮೈ, ಬಟ್ಟೆ

ಎಲ್ಲವೂ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ನೀರಿನ ಕೆಲಸ ಶುರುವಾಗುವುದು ಆಮೇಲೆ. ಒಣ ಪೊರಕೆಯಿಂದ ಗುಡಿಸಬೇಡಿ, ಧೂಳೆಲ್ಲ ಮತ್ತೆ ಗಾಳಿಗೆ ಏರುತ್ತದೆ. ಒದ್ದೆ ಬಟ್ಟೆಯಿಂದ ಸಾಮಾನುಗಳನ್ನು ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಕಿಟ್ಟದ ಡಬ್ಬಿಗೆ ಮಾತ್ರ ಆಗಲೂ ನೀರು ತಾಗಿಸಬೇಡಿ.

ಬೂಟು, ಅಂಗಿ, ಪ್ಯಾಂಟನ್ನು ಹೊರಗೇ ಕಳಚಿ. ಮುಖವಾಡ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಬಟ್ಟೆಗಳನ್ನು ಕೊಡವದೆ ಬೇರೆ ಬಕೆಟ್ಟಿನಲ್ಲಿ ನೆನೆಸಿ, ತೊಟ್ಟವರೇ ಒಗೆಯಿರಿ. ನಮ್ಮ ಮನೆಗಳಲ್ಲಿ ಗಂಡಸರ ಕೊಳೆ ಬಟ್ಟೆ ಹೆಂಗಸರ ಕೈಗೆ ಹೋಗುವುದರಿಂದ ಸೀಸ ಮುಟ್ಟದವರ ಮೈಗೂ ಸೀಸ ಸೇರುತ್ತದೆ. ಒಗೆದ ನೀರನ್ನು ಬಾವಿಕಟ್ಟೆಯ ಬಳಿಯಾಗಲಿ ಗಿಡಗಳ ಬುಡಕ್ಕಾಗಲಿ ಚೆಲ್ಲದೆ ಶೌಚಾಲಯಕ್ಕೆ ಸುರಿಯಿರಿ. ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ, ಉಗುರಿನಡಿಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಸ್ಯಾನಿಟೈಸರ್ ಕ್ರಿಮಿಗೆ ಸರಿ, ಸೀಸಕ್ಕಲ್ಲ. ಬಾಯಿ ಮುಕ್ಕಳಿಸಿ, ತಲೆಗೆ ಸ್ನಾನ ಮಾಡಿದ ಮೇಲಷ್ಟೇ ಊಟ, ಮಗುವನ್ನು ಎತ್ತಿಕೊಳ್ಳುವುದು.

ಹಂತ 9: ಕಿಟ್ಟವನ್ನು ಏನು ಮಾಡಬೇಕು

ಅದನ್ನು ತಿಪ್ಪೆಗೆ, ಹೊಳೆಗೆ, ತೆಂಗಿನ ಬುಡಕ್ಕೆ, ಕಸದ ಗಾಡಿಗೆ ಹಾಕಬೇಡಿ. ಡಬ್ಬಿಯ ಮೇಲೆ ‘ಸೀಸದ ವಿಷ’ ಎಂದು ಬರೆದು, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿ ಬೀಗ ಹಾಕಿಡಿ. ನಿಮ್ಮ ಸ್ಥಳೀಯ ಸಂಸ್ಥೆ ಗೃಹ ಬಳಕೆಯ ಅಪಾಯಕಾರಿ ಕಸವನ್ನು ಪ್ರತ್ಯೇಕವಾಗಿ ಪಡೆಯುತ್ತಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ನೋಂದಾಯಿತ ಸೀಸ ಮರುಬಳಕೆದಾರರಿಗೆ ತಲುಪಿಸಿ. ಯಾರು ನೋಂದಾಯಿತರು ಎಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಬಹುದು.

ಹಂತ 10: ಗುಂಡು ಬಳಸುವಾಗ

ಸೀಳು ಗುಂಡನ್ನು ದಾರದ ಮೇಲಿಟ್ಟು ಹಲ್ಲಿನಲ್ಲಿ ಕಚ್ಚಿ ಬಿಗಿಯುವುದು, ಬಲೆ ಬೀಸುವಾಗ ಅಂಚನ್ನು ಗುಂಡಿನ ಸಮೇತ ಹಲ್ಲಿನಲ್ಲಿ ಹಿಡಿಯುವುದು ಎರಡೂ ಬಳಕೆಯಲ್ಲಿವೆ. ಮೊದಲನೆಯದಕ್ಕೆ ಇಕ್ಕಳ ಬಳಸಿ. ಎರಡನೆಯದನ್ನು ಬಿಡಲಾಗದಿದ್ದರೆ ಗುಂಡಿಲ್ಲದ ಹಗ್ಗದ ಭಾಗವನ್ನಾದರೂ ಕಚ್ಚಿ. ಗುಂಡು ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಗುಂಡುಗಳನ್ನು ಗೋಲಿಯಾಟಕ್ಕೆ ಕೊಡಬೇಡಿ. ಮಗು ಗುಂಡು ನುಂಗಿದೆ ಎಂಬ ಅನುಮಾನ ಬಂದರೂ ಮಲದಲ್ಲಿ ಹೋಗುತ್ತದೆಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗುತ್ತದೆ. ಎಕ್ಸ್‌ರೇಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಹಂತ 11: ರಕ್ತ ಪರೀಕ್ಷೆ

ಹೊಟ್ಟೆನೋವು, ಮಲಬದ್ಧತೆ, ತಲೆನೋವು, ಸುಸ್ತು, ಕೀಲುನೋವು, ಸಿಡುಕು ಇವು ಸೀಸ ಹೆಚ್ಚಾದಾಗ ಕಾಣುವ ಲಕ್ಷಣಗಳು, ಆದರೆ ಇವುಗಳಿಗೆ ನೂರು ಬೇರೆ ಕಾರಣಗಳೂ ಇರಬಹುದು. ಕಡಿಮೆ ಮಟ್ಟದಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಪದೇ ಪದೇ ಈ ಕೆಲಸ ಮಾಡುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿಕೊಳ್ಳಬೇಕು. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಬರುವುದಿಲ್ಲ. ಸೀಸ ಕರಗಿಸುತ್ತೇನೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ ಈ ಪರೀಕ್ಷೆಯನ್ನೇ ಬರೆಸಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದು, ಇದುವರೆಗೆ ಅದೇ ಅಂಗಳದಲ್ಲಿ ಕರಗಿಸಿದ್ದರೆ ಅವರದನ್ನೂ ಮಾಡಿಸಿ.

ಫಲಿತಾಂಶ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮೈಕ್ರೋಗ್ರಾಂ ಎಂದು ಬರುತ್ತದೆ. ಡೆಸಿಲೀಟರ್ ಎಂದರೆ 100 ಮಿಲಿಲೀಟರ್. ಅದು 5 ಅಥವಾ ಹೆಚ್ಚಿದ್ದರೆ ಸೀಸದ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳ ವಿಷಯದಲ್ಲಿ ಅದೇ ವರ್ಷದಿಂದ 3.5ನ್ನೇ ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕಿಳಿಯುತ್ತದೆ, ಆದರೆ ವರ್ಷಗಟ್ಟಲೆ ಈ ಕೆಲಸ ಮಾಡಿದವರಲ್ಲಿ ಮೂಳೆಯಿಂದ ಮತ್ತೆ ರಕ್ತಕ್ಕೆ ಬರುತ್ತಲೇ ಇರುವುದರಿಂದ ಅಂಕಿ ನಿಧಾನವಾಗಿ ಇಳಿಯುತ್ತದೆ. ಅಂಕಿ ಹೆಚ್ಚು ಬಂದರೆ ಕರಗಿಸುವುದನ್ನು ನಿಲ್ಲಿಸಿ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಸೀಸವನ್ನು ಹೊರಹಾಕುವ ಔಷಧಗಳಿವೆ. ಅವನ್ನು ಮಟ್ಟ ಬಹಳ ಏರಿದಾಗ ಮಾತ್ರ, ಆಸ್ಪತ್ರೆಯ ನಿಗಾದಲ್ಲಿ ಕೊಡುತ್ತಾರೆ. ವಿಷ ತೆಗೆಯುತ್ತದೆಂದು ಯಾರೋ ಕೊಟ್ಟ ಪುಡಿ, ಭಸ್ಮಗಳನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ. ನಾಗಭಸ್ಮವನ್ನು ಮಾಡುವುದೇ ಸೀಸದಿಂದ.